ಅಣ್ಣನ ಮಾತಿನ ತುಂಡುಗಳು

ಫೆಬ್ರುವರಿ 3, ಸೋಮವಾರ

ಯಾರಿಗಾದರೂ ಬೈಯಬೇಕು ಅನ್ನಿಸುತ್ತಿದೆ. ಬೈಯೋಣವೆಂದರೆ ಮನೆಯಲ್ಲಿ ಒಬ್ಬರೂ ಬೈಸಿಕೊಳ್ಳುವ ಸ್ಥಿತಿಯಲ್ಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣನ ಆಪರೇಷನ್ ಇಪ್ಪತ್ತನೇ ತಾರೀಖು ಅಂತ ಗೊತ್ತಾಯಿತು. ಗಡ್ಡೆಯೊಂದನ್ನೇ ತೆಗೆದರೆ ಸಾಲದಂತೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಕುತ್ತಿಗೆಯ ಮುಂಭಾಗದಲ್ಲಿ ಒಂದು ತೂತು ಮಾಡುತ್ತಾರೆ. ಇನ್ನು ಮುಂದೆ ಉಸಿರಾಟ ಅದರಲ್ಲೇ. ಡಾಕ್ಟರು ಇದನ್ನೆಲ್ಲ ಬಿಡಿಸಿ ಹೇಳುವಾಗ ಅಣ್ಣ ಕೇಳಿದ್ದು ಒಂದೇ ಮಾತು: “ಈಜಬಹುದಾ?”

“ಇಲ್ಲ. ಆ ತೂತಿಗೆ ನೀರು ಹೋದ್ರೆ ಸೀದಾ ಶ್ವಾಸಕೋಶಕ್ಕೆ.”

ಈಜುಕೊಳದಲ್ಲಿ ಊರಿನ ಅರ್ಧ ಮಕ್ಕಳಿಗೆ ಈಜು ಕಲಿಸಿದ ಮನುಷ್ಯ. ಮಾತು ಹೋಗುತ್ತದೆ ಅಂದಾಗ ತಲೆಯಾಡಿಸುತ್ತ ಕೂತವನು, ನೀರು ಹೋಗುತ್ತದೆ ಅಂದಾಗ ಕಿಟಕಿಯ ಕಡೆ ತಿರುಗಿಕೊಂಡ.

ಆಮೇಲೆ ಪಕ್ಕದ ಕೋಣೆಯ ಸ್ಪೀಚ್ ಥೆರಪಿಸ್ಟ್ ಬಂದರು. ನಾನು ಅವರನ್ನು ಮಾತಿನ ಮೇಡಂ ಅಂತಲೇ ಕರೆಯುತ್ತೇನೆ. ಗಾಯ ಒಣಗಿದ ಮೇಲೆ ಬೇರೆ ರೀತಿ ಮಾತಾಡುವುದನ್ನು ಕಲಿಸಿ ನೋಡಬಹುದು, ಬರುತ್ತದೋ ಇಲ್ಲವೋ ಈಗ ಹೇಳಲಾಗದು ಅಂದರು. ಸದ್ಯಕ್ಕೆ ಇನ್ನೊಂದು ದಾರಿ ಹೇಳಿಕೊಟ್ಟರು. “ಇರೋ ದನಿಯಲ್ಲೇ ಅವರ ಮಾತು ರೆಕಾರ್ಡ್ ಮಾಡ್ಕೊಳ್ಳಿ. ಒಂದೊಂದು ಮಾತನ್ನೂ ಬೇರೆ ಬೇರೆ ಕತ್ತರಿಸಿ ಕೊಡಿ. ಫೋನಲ್ಲಿ ಒಂದೊಂದು ಚೌಕಕ್ಕೆ ಒಂದೊಂದು ಮಾತು ಕೂರಿಸ್ತೀವಿ. ಚೌಕ ಒತ್ತಿದ್ರೆ ಅವರ ದನಿಯೇ ಬರುತ್ತೆ.”

ಅತ್ತಿಗೆ ನನ್ನ ಕೈ ಹಿಡಿದುಕೊಂಡರು. “ನನ್ನ ಕೈಲಾಗಲ್ಲ ಕಣೇ. ಅವರ ದನಿ ಕತ್ತರಿಸ್ತಾ ಕೂರೋಕೆ ನಂಗೆ ಧೈರ್ಯ ಇಲ್ಲ.”

“ನಾನಿದ್ದೀನಲ್ಲ ಅತ್ತಿಗೆ. ಅದೇನು ಮಹಾ,” ಅಂದುಬಿಟ್ಟೆ. ಡ್ರೈವಿಂಗ್ ಸ್ಕೂಲಿನಲ್ಲಿ ಲಾರಿ ಓಡಿಸಲೂ ಕಲಿಸಿದವಳು ನಾನು. ಒಂದು ಲ್ಯಾಪ್‌ಟಾಪ್ ಏನು ಮಾಡೀತು?

ಫೆಬ್ರುವರಿ 4, ಮಂಗಳವಾರ

ಏನು ಬೇಕಾದರೂ ಮಾಡೀತು.

ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುವವರಿಗೆ ರಸ್ತೆ ಫಲಕಗಳ ಚಿತ್ರ ತೋರಿಸುವ ಹಳೇ ಲ್ಯಾಪ್‌ಟಾಪನ್ನೇ ಮನೆಗೆ ತಂದೆ. ಅಣ್ಣನನ್ನು ಮಹಡಿಯ ಮೇಲಿನ ನನ್ನ ಕೋಣೆಯಲ್ಲಿ ಕೂರಿಸಿ ಮೈಕ್ ಎದುರಿಗಿಟ್ಟೆ. ಶುರು ಮಾಡಿದ ಕೂಡಲೇ ಅವನದು ಒಂದೇ ರಾಗ: “ಏ ಗಡಿಬಿಡಿ, ಆನ್ ಆಯ್ತಾ? ಗಡಿಬಿಡಿ, ಕೆಂಪು ದೀಪ ಬಂತಾ?” ಚಿಕ್ಕಂದಿನಿಂದ ನನಗೆ ಅವನಿಟ್ಟ ಹೆಸರು ಅದು. ನನ್ನ ನಿಜವಾದ ಹೆಸರನ್ನು ಅವನ ಬಾಯಲ್ಲಿ ಕೇಳಿದ ನೆನಪೇ ಇಲ್ಲ.

ಪರದೆಯ ಮೇಲೆ ಮಾತು ಗುಡ್ಡದ ಸಾಲಿನಂತೆ ಕಾಣುತ್ತದೆ. ಗಟ್ಟಿಯಾಗಿ ಅಂದಿದ್ದು ಎತ್ತರ, ಮೆಲ್ಲಗೆ ಅಂದಿದ್ದು ದಿಬ್ಬ, ಸುಮ್ಮನಿದ್ದಿದ್ದು ಬಯಲು. ಅಷ್ಟು ತಿಳಿಯಿತು. ಬೇಡದ ಗುಡ್ಡದ ಮೇಲೆ ಮೌಸ್ ಎಳೆದೆ, ಬಣ್ಣ ಬದಲಾಯಿತು. ಕಟ್ ಒತ್ತೋಣವೆಂದು ಹೋದರೆ ಆ ಅಕ್ಷರಗಳು ಬೂದುಬೂದಾಗಿ ಕೂತಿವೆ. ಒತ್ತಿದರೆ ಮಿಸುಕುವುದಿಲ್ಲ. ಡಿಲೀಟೂ ಬೂದು. ಪೇಸ್ಟೂ ಬೂದು. ಮುಚ್ಚಿದೆ, ತೆರೆದೆ, ಮತ್ತೆ ಅದೇ ಕಥೆ. ಇಡೀ ಮಧ್ಯಾಹ್ನ ಹಾಳಾಯಿತು.

ಅಣ್ಣ ಕೆಮ್ಮುತ್ತ ಕೆಮ್ಮುತ್ತ ನಗುತ್ತಿದ್ದ. “ಹ್ಯಾಂಡ್‌ಬ್ರೇಕ್ ತೆಗ್ದಿದೀಯಾ ನೋಡು.”

ಫೆಬ್ರುವರಿ 6, ಗುರುವಾರ

ಬೆಳಗಿನ ಪಾಠಕ್ಕೆ ಬರುವಾಕೆ, ಎರಡು ಮಕ್ಕಳ ತಾಯಿ, ದೊಡ್ಡ ವೃತ್ತದಲ್ಲಿ ಮತ್ತೆ ಗಾಡಿ ಆಫ್ ಮಾಡಿದರು. ಹಿಂದೆ ಹಾರ್ನುಗಳ ಮೆರವಣಿಗೆ. “ಕ್ಲಚ್! ಕ್ಲಚ್ ಎಲ್ರೀ? ಕಾಲಿದೆಯೋ ಇಲ್ವೋ ನಿಮಗೆ?” ಅಂತ ಕಿರುಚಿದೆ. ನನ್ನ ಕಡೆಯ ಬ್ರೇಕನ್ನು ಒತ್ತಿದ್ದು ಸಾಲದೆಂದು ಸ್ಟಿಯರಿಂಗನ್ನೂ ಕಿತ್ತುಕೊಂಡೆ. ಗಾಡಿ ಪಕ್ಕಕ್ಕೆ ನಿಲ್ಲಿಸಿದ ಮೇಲೆ ಆಕೆ ಕಣ್ಣೊರೆಸಿಕೊಂಡರು. ನನಗೆ ಇನ್ನೂ ಸಿಟ್ಟು ಬಂತು. ಅಳುವುದಕ್ಕೆ ಬೇರೆ ಜಾಗವಿಲ್ಲವೇ?

ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ. ಮಾತು ಬದಲಿಸಲೆಂದು “ಏನು ಕೆಲಸ ಮಾಡ್ತೀರಿ?” ಅಂದೆ. ಸ್ಟುಡಿಯೋ ಒಂದರಲ್ಲಿ ಕೆಲಸವಂತೆ. ಜಾಹೀರಾತುಗಳಿಗೆ, ಫೋನಿನಲ್ಲಿ ಬರುವ ಪ್ರಕಟಣೆಗಳಿಗೆ ದನಿ ಕತ್ತರಿಸಿ ಜೋಡಿಸುವುದು.

ಇಷ್ಟು ದಿನ ಪಕ್ಕದಲ್ಲೇ ಕೂತಿದ್ದರು!

ಲ್ಯಾಪ್‌ಟಾಪ್ ಗಾಡಿಯಲ್ಲೇ ಇತ್ತು. ತೆರೆದು ತೋರಿಸಿದೆ. ಆಕೆ ಒಂದು ಕ್ಷಣ ನೋಡಿ, “ಮೇಡಂ, ನೀವು ಇದನ್ನ ಪಾಝ್ ಮಾಡಿದೀರಿ, ಸ್ಟಾಪ್ ಮಾಡಿಲ್ಲ. ಪೂರ್ತಿ ನಿಲ್ಸಿದ್ರೆ ಮಾತ್ರ ಕತ್ತರಿಸೋಕೆ ಬಿಡುತ್ತೆ,” ಅಂದರು. ಎರಡು ಗೀಟಿನ ಗುಂಡಿಯನ್ನು ಬಿಟ್ಟು ಚೌಕದ ಗುಂಡಿಯನ್ನು ಒತ್ತಿದರು. ಬೂದು ಅಕ್ಷರಗಳೆಲ್ಲ ಕಪ್ಪಾದವು.

ಎರಡು ದಿನ ತಲೆ ಚಚ್ಚಿಕೊಂಡಿದ್ದು ಇಷ್ಟಕ್ಕೆ. ಖುಷಿಯಾಗಬೇಕಿತ್ತು. ಉರಿದುಹೋಯಿತು.

ಫೆಬ್ರುವರಿ 9, ಭಾನುವಾರ

ಸ್ಟುಡಿಯೋದಾಕೆ ಪಾಠ ಮುಗಿದ ಮೇಲೆ ಸ್ವಲ್ಪ ಹೊತ್ತು ಕೂತು ಹೇಳಿಕೊಟ್ಟು ಹೋಗುತ್ತಾರೆ. ಡಿಲೀಟ್ ಅಂದರೆ ತೆಗೆದು ಎಸೆಯುವುದು. ಕಟ್ ಅಂದರೆ ತೆಗೆದು ಕೈಯಲ್ಲಿ ಹಿಡಿದುಕೊಳ್ಳುವುದು. ಪೇಸ್ಟ್ ಅಂದರೆ ಕೈಯಲ್ಲಿದ್ದುದನ್ನು ಬೇಕಾದ ಕಡೆ ಇಡುವುದು. “ಕೈಯಲ್ಲಿ ಒಂದೇ ತುಂಡು ಹಿಡಿಯೋಕಾಗೋದು ಮೇಡಂ, ನೆನಪಿಟ್ಕೊಳ್ಳಿ. ಮೊದ್ಲು ಮೂಲದ್ದೊಂದು ನಕಲು ತೆಗೆದಿಟ್ಟು ಆಮೇಲೆ ಶುರು ಮಾಡಿ.” ಹೂಂ ಹೂಂ ಅಂದೆ. ನಕಲು ಗಿಕಲು ಅಂತ ಕೂತರೆ ಕೆಲಸ ಆಗುವುದು ಯಾವಾಗ?

ಇವತ್ತು ಕೆಮ್ಮು ತೆಗೆಯುವ ಕೆಲಸ. ಅಣ್ಣ ಎರಡು ಮಾತಿಗೊಮ್ಮೆ ಕೆಮ್ಮುತ್ತಾನೆ. ಕೆಮ್ಮಿನ ಗುಡ್ಡ ಗುರುತು ಹಿಡಿಯುವುದು ಸುಲಭ, ಚೂಪಾಗಿರುತ್ತದೆ. ಒಂದೊಂದನ್ನೇ ಡಿಲೀಟ್ ಮಾಡಿದೆ. ಆಮೇಲೆ ಹಾಕಿ ಕೇಳಿದರೆ ಅಣ್ಣ ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ ಉಸಿರುಬಿಡದೆ ಮಾತಾಡುತ್ತಿದ್ದಾನೆ. ತೆಗೆದ ಜಾಗ ಖಾಲಿ ಉಳಿಯುವುದಿಲ್ಲ, ಮುಂದಿನದ್ದು ಬಂದು ಅಂಟಿಕೊಳ್ಳುತ್ತದೆ ಅನ್ನುವುದು ಯಾರಿಗೆ ಗೊತ್ತಿತ್ತು?

ಅವನ “ಗಡಿಬಿಡಿ, ಆನ್ ಆಯ್ತಾ”ಗಳನ್ನೂ ತೆಗೆದು ಎಸೆದೆ. ಪ್ರತಿ ರೆಕಾರ್ಡಿಂಗಿನ ತಲೆಯಲ್ಲೂ ಅದೇ ಕಸ.

ಸಂಜೆ ಅವನೊಂದಿಗೆ ಜಗಳ. ಮಾತಿನ ಮೇಡಂ ಹೇಳಿದ ಮಾತುಗಳನ್ನು ಅವನು ಹೇಳಲೊಲ್ಲ. ನೀರು ಬೇಕು, ನೋವಾಗ್ತಿದೆ, ನರ್ಸನ್ನ ಕರೀರಿ, ಇಂಥವು.

“ಇದೆಲ್ಲ ರೋಗಿ ಮಾತು ಕಣೇ. ನೀರು ಬೇಕಾದ್ರೆ ಲೋಟ ಎತ್ತಿ ತೋರಿಸ್ತೀನಿ. ನಂಗೆ ಕೊಳದ ಮಾತು ಬೇಕು. ಕೈ ಚಾಚು, ಕಾಲು ಬಡಿ, ಉಸಿರು ಬಿಡು, ಕಂಬಿ ಹಿಡಿ. ಆಪರೇಷನ್ ಆದ್ಮೇಲೆ ಕೊಳದ ದಂಡೆ ಮೇಲೆ ನಿಂತಾದ್ರೂ ಕಲಿಸ್ತೀನಿ.”

“ಹಾಗಾದ್ರೆ ‘ಹೆದರಬೇಡ’ ಅಂತಾನೂ ಹೇಳು. ಮಕ್ಕಳಿಗೆ ಬೇಕಾಗುತ್ತೆ.”

“ನಾನ್ಯಾವತ್ತೂ ಹಾಗೆ ಹೇಳಿಲ್ಲ. ಹೆದರಬೇಡ ಅಂದ್ರೆ ಯಾರಾದ್ರೂ ಹೆದರದೇ ಇರ್ತಾರಾ? ಹೆದರಿಕೊಂಡೇ ಕಾಲು ಬಡಿ ಅಂತೀನಿ.”

“ಮೊದ್ಲು ‘ನೋವಾಗ್ತಿದೆ’ ಅನ್ನು. ಆಮೇಲೆ ನಿನ್ನ ಕಾಲು ಕೈ ಎಲ್ಲ.”

ಎದ್ದು ಕೆಳಗೆ ಹೋದ. ಅತ್ತಿಗೆ ಸಮಾಧಾನ ಮಾಡಿ ಕಳಿಸಿದ ಮೇಲೆ ಬಂದು, ಗೋಡೆ ನೋಡಿಕೊಂಡು, ಪಾಠ ಒಪ್ಪಿಸುವವನ ಹಾಗೆ ಎಲ್ಲವನ್ನೂ ಹೇಳಿದ. ನಾನು ಗೆದ್ದೆ.

ಫೆಬ್ರುವರಿ 13, ಗುರುವಾರ

ಇವತ್ತಿನ ಅನಾಹುತ: “ಕೈ ಚಾಚು” ಅನ್ನುವುದನ್ನು “ಉಸಿರು ಬಿಡು”ವಿನ ಪಕ್ಕ ಇಡಲು ಹೋದೆ. ಮಿಣುಕುವ ಕರ್ಸರ್ ಗೆರೆಯನ್ನು ಪಕ್ಕದಲ್ಲಿ ಇಡುವ ಬದಲು “ಉಸಿರು ಬಿಡು”ವನ್ನೇ ಬಣ್ಣ ಮಾಡಿ ಪೇಸ್ಟ್ ಒತ್ತಿದೆ. ಪಕ್ಕ ಕೂರಬೇಕಾದದ್ದು ಅದರ ತಲೆಯ ಮೇಲೆ ಕೂತು ಅದನ್ನು ನುಂಗಿಬಿಟ್ಟಿತು. ಸ್ಟುಡಿಯೋದಾಕೆಗೆ ಫೋನ್ ಮಾಡಿ ಕಿರುಚಾಡಿದೆ. “ಕಂಟ್ರೋಲ್ ಒತ್ತಿ ಝಡ್ ಒತ್ತಿ ಮೇಡಂ,” ಅಂದರು. ಒತ್ತಿದೆ. ವಾಪಸ್ ಬಂತು. ಇನ್ನೊಮ್ಮೆ ಒತ್ತಿದೆ, ಅದಕ್ಕೂ ಹಿಂದಿನದು ಬಂತು. ಒತ್ತುತ್ತಾ ಹೋದೆ. ಬೆಳಗಿನಿಂದ ಮಾಡಿದ್ದೆಲ್ಲ ಬಿಚ್ಚಿಹೋಯಿತು. ಬೆಳಗಿನಿಂದ ಮಾಡಿದ ಒಳ್ಳೆಯದೂ ಬಿಚ್ಚಿಹೋಯಿತು.

ಯಾಕೆ ಒತ್ತುತ್ತಾ ಹೋದೆನೋ ಗೊತ್ತಿಲ್ಲ.

ಫೆಬ್ರುವರಿ 15, ಶನಿವಾರ

ಕೊಳದ ಮಾತುಗಳನ್ನು ಇನ್ನೊಮ್ಮೆ ಕೊಳದಲ್ಲೇ ಹೇಳುತ್ತೇನೆ, ಕೋಣೆಯಲ್ಲಿ ಹೇಳಿದ್ದು ಹೆಣದ ಹಾಗೆ ಕೇಳುತ್ತದೆ ಅಂದ. ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಸೂರೆಲ್ಲ ಮಾರ್ದನಿ, ನೀರಿನ ಸಪ್ಪಳ, ಮಕ್ಕಳ ಗಲಾಟೆ. ಅವನು ದಂಡೆಯ ಮೇಲೆ ನಿಂತು, ಒಡೆದ ದನಿಯಲ್ಲೇ, ಕೊಳದ ಆ ತುದಿಗೆ ಕೇಳುವ ಹಾಗೆ ಕೂಗಿದ. “ಬೇಗ, ಬೇಗ! ಕಾಲು ಬಡಿ! ಹಾಂ, ಹಂಗೆ!” ಆಮೇಲೆ ಮಕ್ಕಳೆಲ್ಲ ಹೋದ ಮೇಲೆ ನೀರಿಗಿಳಿದ.

ಮನೆಗೆ ಹೋಗಿ ಕತ್ತರಿಸಬೇಕು, ಹೊತ್ತಾಗುತ್ತದೆ ಅಂತ ನಾನು ಚಡಪಡಿಸುತ್ತಿದ್ದೆ. ಅವನು ಮಾತ್ರ ಮೆಲ್ಲಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಮತ್ತೆ ಈ ತುದಿಗೆ. ಕರೆಯಬೇಕೆಂದು ಎದ್ದು ನಿಂತೆ. ಕರೆಯಲಿಲ್ಲ. ಬಾಗಿಲು ಹಾಕುವವನು ಬಂದು ನನ್ನ ಪಕ್ಕ ನಿಂತ. ಅವನೂ ಕರೆಯಲಿಲ್ಲ.

ಮನೆಗೆ ಬಂದು ನೋಡಿದರೆ ಪ್ರತಿ ಮಾತಿನ ಅಡಿಯಲ್ಲೂ ನೀರು. ಮಾತನ್ನು ಬಿಟ್ಟು ನೀರನ್ನಷ್ಟೇ ತೆಗೆಯಲು ಆಗುವುದಿಲ್ಲವಂತೆ. ಎಷ್ಟು ಕೆಟ್ಟ ರೆಕಾರ್ಡಿಂಗ್!

ಫೆಬ್ರುವರಿ 18, ಮಂಗಳವಾರ

ನಾಳೆ ಆಸ್ಪತ್ರೆಗೆ ಸೇರಿಸಬೇಕು. ಇವತ್ತೇ ಕೊನೆಯ ರೆಕಾರ್ಡಿಂಗ್. ಮನೆಯ ಮಾತುಗಳು: ಟೀ ಕೊಡು, ಬಾಗಿಲು ಹಾಕು, ಯಾರು ಬಂದಿದ್ದು. ಕೊನೆಗೆ ಅವನೇ ಮೈಕಿನ ಹತ್ತಿರ ಬಾಗಿ, “ಏ ಗಡಿಬಿಡಿ,” ಅಂದ. “ಇದಕ್ಕೂ ಒಂದು ಚೌಕ ಇಡು. ಇಲ್ಲಾಂದ್ರೆ ನಿನ್ನ ಹೇಗೆ ಕರೀಲಿ?”

“ಚಪ್ಪಾಳೆ ತಟ್ಟು,” ಅಂದೆ.

ಆಮೇಲೆ ಅತ್ತಿಗೆ ಮೇಲೆ ಬಂದರು. ಅಣ್ಣ ನನಗೆ ಕಣ್ಣಿನಲ್ಲೇ ಹೊರಗೆ ಹೋಗು ಅಂದ. ಮೆಟ್ಟಿಲ ಮೇಲೆ ಕೂತೆ. ನನ್ನ ಕೋಣೆಯಿಂದ ನನ್ನನ್ನೇ ಹೊರಹಾಕಿದರಲ್ಲ ಅಂತ ಮೊದಲು ಕೋಪ ಬಂತು. ಒಳಗೆ ಮೈಕ್ ಓಡುತ್ತಲೇ ಇದೆ ಅಂತ ಹೊಳೆದದ್ದು ಆಮೇಲೆ.

ಅವರು ಕೆಳಗಿಳಿದ ಮೇಲೆ ಪರದೆ ನೋಡಿದೆ. ಉದ್ದನೆಯ ಬಯಲು, ಸಣ್ಣ ಸಣ್ಣ ದಿಬ್ಬ, ಮತ್ತೆ ಬಯಲು. ಸ್ಪೀಕರ್ ಆಫ್ ಮಾಡಿ, ಬರೀ ಕಣ್ಣಳತೆಯಲ್ಲಿ ಆ ಭಾಗವನ್ನಷ್ಟೇ ಬಣ್ಣ ಮಾಡಿ, ಕಟ್ ಮಾಡಿ, ಬೇರೆ ಫೈಲಿನಲ್ಲಿ ಪೇಸ್ಟ್ ಮಾಡಿ, ಅತ್ತಿಗೆಯ ಫೋನಿಗೆ ಹಾಕಿಕೊಟ್ಟೆ. “ಕೇಳಿದೆಯಾ?” ಅಂದರು. “ಇಲ್ಲ,” ಅಂದೆ. ನಂಬಿದರು.

ಇಷ್ಟು ದಿನದಲ್ಲಿ ತಪ್ಪಿಲ್ಲದೆ ಮಾಡಿದ ಕೆಲಸ ಇದೊಂದೇ. ಸರಿಯಾಗಿದೆಯೋ ಇಲ್ಲವೋ ಕೇಳಿ ನೋಡುವ ಹಾಗೂ ಇಲ್ಲ.

ಫೆಬ್ರುವರಿ 20, ಗುರುವಾರ

ಆಯಿತು. ಉಸಿರಾಡುತ್ತಿದ್ದಾನೆ.

ಫೆಬ್ರುವರಿ 22, ಶನಿವಾರ

ಫೋನನ್ನು ಅವನ ಕೈಗೆ ಕೊಟ್ಟೆವು. ಅವಸರದಲ್ಲಿ ಕೂರಿಸಿದ್ದು ಆಸ್ಪತ್ರೆಯ ಮಾತುಗಳನ್ನು ಮಾತ್ರ. ಅವನು ಒತ್ತಿದ್ದು ಒಂದೇ ಚೌಕ.

“ನೋವಾಗ್ತಿದೆ.”

ನರ್ಸ್ ಬಂದು ಇಂಜೆಕ್ಷನ್ ಕೊಟ್ಟು ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಒತ್ತಿದ. ಗೋಡೆ ನೋಡಿಕೊಂಡು ಬೇಕಾಬಿಟ್ಟಿ ಹೇಳಿದ ಮಾತು. ಹೇಳು ಹೇಳು ಅಂತ ನಾನು ಜಗಳ ತೆಗೆದು ಹೇಳಿಸಿದ ಮಾತು. ನಾನು ಅವಸರಕ್ಕೆ ಕತ್ತರಿಸಿದ್ದರಿಂದ ಶುರುವಿನಲ್ಲಿ ಒಂದು “ಟಕ್” ಸದ್ದು ಸೇರಿಕೊಂಡಿದೆ. ಟಕ್, ನೋವಾಗ್ತಿದೆ. ಟಕ್, ನೋವಾಗ್ತಿದೆ. ಆ ಟಕ್ ನನ್ನ ಹಲ್ಲಿನ ಬುಡಕ್ಕೆ ತಾಗುತ್ತಿತ್ತು.

ಮಧ್ಯಾಹ್ನ ಮನೆಗೆ ಓಡಿಬಂದೆ. ಸ್ಟುಡಿಯೋದಾಕೆಯನ್ನು ಕೇಳಿದೆ. ದನಿಯ ಅಲೆ ಪರದೆಯ ನಡುಗೆರೆಗೆ ಬಂದು ಮುಟ್ಟುವ ಜಾಗದಲ್ಲೇ ಕತ್ತರಿ ಇಡಬೇಕಂತೆ, ಮಧ್ಯದಲ್ಲಿ ಕಡಿದರೆ ಟಕ್ ಅನ್ನುತ್ತದಂತೆ. ಗುಡ್ಡವನ್ನು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ಕೊನೆಗೆ ದಾರದ ಎಳೆಯಂತೆ ಕಾಣುವವರೆಗೆ ಹಿಗ್ಗಿಸಿ, ಎಳೆ ಗೆರೆಯನ್ನು ದಾಟುವ ಜಾಗ ಹುಡುಕಿ ಕತ್ತರಿಸಿದೆ. ಟಕ್ ಹೋಯಿತು.

ಸಂಜೆ ಹೊಸದನ್ನು ಹಾಕಿಕೊಟ್ಟೆ. ಒತ್ತಿದ. ವ್ಯತ್ಯಾಸ ಅವನಿಗೆ ಗೊತ್ತಾಗಲಿಲ್ಲ ಅನ್ನಿಸುತ್ತದೆ.

ಮಾರ್ಚ್ 1, ಶನಿವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಮನೆಯ ಮಾತುಗಳ ಕೊನೆಯ ಫೈಲನ್ನು ತೆರೆದಿದ್ದೆ. ಎಲ್ಲ ಮಾತಿಗೂ ಚೌಕ ಆಯಿತು. ಉಳಿದದ್ದು “ಏ ಗಡಿಬಿಡಿ” ಒಂದೇ. ಅದನ್ನು ಬಣ್ಣ ಮಾಡಿ ಕಟ್ ಮಾಡಿದೆ. ಹೊಸ ಫೈಲು ತೆರೆಯುವಷ್ಟರಲ್ಲಿ ಅತ್ತಿಗೆ ಕೆಳಗಿನಿಂದ ಕೂಗಿದರು, ಆಸ್ಪತ್ರೆಗೆ ಹೊರಡುವ ಹೊತ್ತಾಯಿತೆಂದು. ಬಂದೆ ಬಂದೆ ಅನ್ನುತ್ತ, ಕಣ್ಣಿಗೆ ಬಿದ್ದ ಒಂದು ಕೆಮ್ಮನ್ನೂ ತೆಗೆದುಬಿಡೋಣವೆಂದು ಅದನ್ನೂ ಕಟ್ ಮಾಡಿದೆ. ಸೇವ್ ಒತ್ತಿದೆ. ಮುಚ್ಚಿದೆ. ಹೊಸ ಫೈಲಿನಲ್ಲಿ ಪೇಸ್ಟ್ ಒತ್ತಿ ಕೇಳಿದರೆ ಬಂದದ್ದು ಕೆಮ್ಮು.

ಕೈಯಲ್ಲಿ ಒಂದೇ ತುಂಡು ಹಿಡಿಯಲು ಆಗುವುದು ಅಂತ ಆಕೆ ಹೇಳಿದ್ದರು. ಫೈಲನ್ನು ಮತ್ತೆ ತೆರೆದೆ. ಕಂಟ್ರೋಲ್ ಝಡ್ ಒತ್ತಿದೆ. ಬೂದು. ಮುಚ್ಚಿ ತೆರೆದ ಮೇಲೆ ಅದಕ್ಕೆ ಹಿಂದಿನದು ಯಾವುದೂ ನೆನಪಿರುವುದಿಲ್ಲವಂತೆ.

ಹಳೆಯ ಫೈಲುಗಳನ್ನೆಲ್ಲ ತೆರೆದು ತಲೆಯಿಂದ ಕೇಳಿದೆ. ಎಲ್ಲದರಲ್ಲೂ ಚೊಕ್ಕಟವಾಗಿ ಕಸ ಗುಡಿಸಿಟ್ಟಿದ್ದೇನೆ. ಒಂದಾದರೂ ಗಡಿಬಿಡಿ ಇಲ್ಲ.

ಮಾರ್ಚ್ 3, ಸೋಮವಾರ

ಸ್ಟುಡಿಯೋದಾಕೆ ಲ್ಯಾಪ್‌ಟಾಪನ್ನು ಒಂದು ದಿನ ಇಟ್ಟುಕೊಂಡು ಜಾಲಾಡಿದರು. ಸಿಗಲಿಲ್ಲ. ನಕಲು ಇಟ್ಟುಕೊಳ್ಳಿ ಅಂದಿದ್ದೆನಲ್ಲ ಅಂತ ಬೈಯುತ್ತಾರೆಂದು ಕಾಯುತ್ತಿದ್ದೆ. ಬೈದಿದ್ದರೆ ನಾಲ್ಕು ಮಾತು ವಾಪಸ್ ಬೈಯಬಹುದಿತ್ತು. ಅವರು ಲ್ಯಾಪ್‌ಟಾಪ್ ಮುಚ್ಚಿ, “ನಂಗೂ ಆಗಿದೆ ಮೇಡಂ. ಒಂದ್ಸಲ ಅಲ್ಲ,” ಅಂದರು. ಅಷ್ಟೇ.

ಆಮೇಲೆ ಅವರ ಪಾಠ. ದೊಡ್ಡ ವೃತ್ತದಲ್ಲಿ ಗಾಡಿ ಆಫ್ ಆಯಿತು. ಹಿಂದಿನವರು ಹಾರ್ನ್ ಹೊಡೆದರು. ಹೊಡೆದುಕೊಳ್ಳಲಿ. ಆಕೆ ಕೀ ತಿರುಗಿಸಿ, ಕ್ಲಚ್ ಒತ್ತಿ, ಹೊರಟರು. ಸ್ವಲ್ಪ ದೂರ ಹೋದ ಮೇಲೆ, “ಇವತ್ತು ನೀವು ಬೈಲೇ ಇಲ್ಲ,” ಅಂದರು.

“ಗಂಟಲು ಕಟ್ಟಿದೆ,” ಅಂದೆ.

ಮಾರ್ಚ್ 9, ಭಾನುವಾರ

ಅಣ್ಣ ಮನೆಗೆ ಬಂದಿದ್ದಾನೆ. ಫೋನು ಕೊಟ್ಟಿದ್ದೇ ತಪ್ಪಾಯಿತು. ಅತ್ತಿಗೆಯನ್ನು ಕರೆಯಲು “ಕಾಲು ಬಡಿ!” ಅಂತ ಒತ್ತುತ್ತಾನೆ. ಸೂಪು ಕುಡಿಸಲು ಹೋದರೆ “ಉಸಿರು ಬಿಡು!” ನೀರಿನ ಸಪ್ಪಳದ ಸಮೇತ. ನಾನು ಅಷ್ಟು ಕಷ್ಟಪಟ್ಟು ಮಾಡಿದ “ಟೀ ಕೊಡು” ಮುಟ್ಟುವುದೇ ಇಲ್ಲ. ಲೋಟ ಎತ್ತಿ ತೋರಿಸುತ್ತಾನೆ.

ನನ್ನ ಚೌಕ ಖಾಲಿ ಇದೆ. ಅದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. “ಇನ್ನೂ ಕತ್ತರಿಸ್ತಾ ಇದೀನಿ,” ಅಂದೆ.

ಮಧ್ಯಾಹ್ನ ಒಂದು ಯೋಚನೆ ಬಂತು. ಮಾತು ಹೋದರೇನು, ಅಕ್ಷರಗಳಿವೆಯಲ್ಲ? “ಬೇಗ”ದಿಂದ ಗ ಕತ್ತರಿಸಿದೆ. “ಬಡಿ”ಯಿಂದ ಡಿ. “ಬಿಡು”ವಿನಿಂದ ಬಿ. “ಹಿಡಿ”ಯಿಂದ ಇನ್ನೊಂದು ಡಿ. ಈ ಸಲ ಕಟ್ ಅಲ್ಲ, ಕಾಪಿ. ನಕಲಿನ ಮೇಲೆ, ನಕಲಿನ ನಕಲಿನ ಮೇಲೆ. ಎಳೆ ಗೆರೆ ದಾಟುವ ಜಾಗ ನೋಡಿ ಒಂದೊಂದನ್ನೇ ಪೇಸ್ಟ್ ಮಾಡಿದೆ. ಸಂಜೆಯ ಹೊತ್ತಿಗೆ ನಾಲ್ಕು ದಿಬ್ಬ ಸಾಲಾಗಿ ನಿಂತವು.

ಹಾಕಿ ಕೇಳಿದೆ. ನೆಗಡಿಯಾದ ಕಾಗೆಯನ್ನು ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿದ ಹಾಗಿತ್ತು. ಗ ಕೊಳದಲ್ಲಿದೆ, ಕೊನೆಯ ಡಿ ಕೋಣೆಯಲ್ಲಿದೆ, ಬಿ ಯಾರನ್ನೋ ಗದರಿಸುತ್ತಿದೆ. ಇನ್ನೊಂದು ಸಲ ಹಾಕಿದೆ. ಇನ್ನೊಂದು ಸಲ. ಸರಿಯಾಗಿ ಕೇಳುತ್ತದೇನೋ ಅಂತ.

ಹಿಂದೆ ತಿರುಗಿ ನೋಡಿದರೆ ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ. ಯಾವಾಗ ಮೆಟ್ಟಿಲು ಹತ್ತಿ ಬಂದನೋ. ಸುಳ್ಳು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ.

“ನಿಂದು ಕಳೆದುಹೋಯ್ತು ಅಣ್ಣ. ನಾನೇ ಕಳೆದುಬಿಟ್ಟೆ. ಇದನ್ನ ಜೋಡಿಸ್ತಾ ಇದ್ದೆ.”

ಅವನು ಬಂದು ಕೂತು, ಬೆರಳು ತೋರಿಸಿ ಹಾಕು ಅಂದ. ಹಾಕಿದೆ. ಅವನ ಭುಜ ಕುಲುಕತೊಡಗಿತು. ಬಾಯಿ ತೆರೆದಿದೆ, ಕಣ್ಣಲ್ಲಿ ನೀರು, ಸದ್ದಿಲ್ಲ, ಕುತ್ತಿಗೆಯ ತೂತಿನಿಂದ ಬರೀ ಗಾಳಿ ಬುಸುಬುಸು ಅನ್ನುತ್ತಿದೆ. ಅತ್ತಿಗೆ ಓಡಿ ಬಂದು “ಅಯ್ಯೋ, ಉಸಿರು ಕಟ್ಟಿದೆ, ನೋಡ್ತಾ ಕೂತಿದೀಯಲ್ಲೇ!” ಅಂತ ಅವನ ಬೆನ್ನು ತಟ್ಟತೊಡಗಿದರು. ಅವನು ಕೈಯಲ್ಲಿ ಅಲ್ಲ ಅಲ್ಲ ಅಂತ ಮಾಡುತ್ತ, ಲ್ಯಾಪ್‌ಟಾಪಿನತ್ತ ಬೆರಳು ಮಾಡಿ, ಮತ್ತೆ ಕುಲುಕುತ್ತಿದ್ದ.

ನಗುತ್ತಿದ್ದ. ಆಪರೇಷನ್ ಆದ ಮೇಲೆ ಮೊದಲ ಸಲ.

ಅತ್ತಿಗೆಗೂ ಕೇಳಿಸಿದೆ. ಅವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಒಂದಿಡೀ ಮಧ್ಯಾಹ್ನದ ಕೆಲಸ.

ಅದನ್ನು ಡಿಲೀಟ್ ಮಾಡಿದೆ. ಅವನು ಬೇಡ ಬೇಡ ಅಂತ ಕೈ ಮಾಡಿದರೂ ಮಾಡಿದೆ.

ಮಾರ್ಚ್ 29, ಶನಿವಾರ

ಸ್ಟುಡಿಯೋದಾಕೆ ಪರೀಕ್ಷೆಯಲ್ಲಿ ಫೇಲ್. ಹಿಮ್ಮುಖವಾಗಿ ತಿರುಗಿಸುವಾಗ ಕಂಬಕ್ಕೆ ತಾಗಿಸಿದರಂತೆ. ಮೊದಲಾಗಿದ್ದರೆ ಸ್ಕೂಲಿನ ಮಾನ ಹೋಯಿತು ಅಂತ ಕುಣಿಯುತ್ತಿದ್ದೆ ಅಂತ ಆಫೀಸಿನವಳು ಹೇಳುತ್ತಾಳೆ. ಹಾಗೇನಿಲ್ಲ. ಇಬ್ಬರೂ ಖಾಲಿ ಮೈದಾನಕ್ಕೆ ಹೋಗಿ ಹಿಮ್ಮುಖ ಓಡಿಸಿದೆವು. ಬಿಸಿಲು ತಲೆಗೇರಿತು. ಆಕೆಗೆ ಕನ್ನಡಿ ನಂಬುವುದಕ್ಕೆ ಆಗುತ್ತಿಲ್ಲ, ತಿರುತಿರುಗಿ ನೋಡುತ್ತಾರೆ. ನೋಡಲಿ. ಕತ್ತು ನೋವು ಬಂದಾಗ ತಾವೇ ಕನ್ನಡಿ ನೋಡುತ್ತಾರೆ.

ಅಣ್ಣ ಫೋನು ಒತ್ತುವುದನ್ನೇ ಬಿಟ್ಟಿದ್ದಾನೆ. ಕೊಳಕ್ಕೂ ಹೋಗಲೊಲ್ಲ. ಕಿಟಕಿಯ ಬಳಿ ಕೂತೇ ದಿನ ತಳ್ಳುತ್ತಾನೆ. ಅವನಿಗೂ ಸಿಟ್ಟು, ನನಗೂ ಸಿಟ್ಟು. ಅವನ ಸಿಟ್ಟಿಗೆ ಸದ್ದಿಲ್ಲ, ಅದೇ ಕಷ್ಟ.

ಏಪ್ರಿಲ್ 17, ಗುರುವಾರ

ಮಾತಿನ ಮೇಡಂ ಬರಹೇಳಿದ್ದರು. ಡಾಕ್ಟರು ಅಣ್ಣನ ಕುತ್ತಿಗೆಯ ತೂತಿನೊಳಗೆ ಒಂದು ಚಿಕ್ಕ ಕವಾಟ ಕೂರಿಸಿದ್ದಾರೆ. ಕುತ್ತಿಗೆಯ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಉಸಿರು ತಳ್ಳಿದರೆ ಗಾಳಿ ಬಾಯಿಗೆ ಬಂದು ದನಿಯಾಗುತ್ತದಂತೆ. ಮೊದಲಿನ ದನಿಯಲ್ಲ, ಬೇರೆಯೇ ದನಿ. ಇವತ್ತು ಬರೀ ಗಾಳಿ ಬಂತು. ಅಣ್ಣ ಕುರ್ಚಿ ತಳ್ಳಿ ಎದ್ದು ಹೊರಗೆ ಹೋದ.

“ಎಲ್ಲವನ್ನೂ ರೆಕಾರ್ಡ್ ಮಾಡಿಡಿ,” ಅಂದರು ಮೇಡಂ. “ಎಷ್ಟು ಮುಂದೆ ಬಂದಿದ್ದಾರೆ ಅಂತ ಗೊತ್ತಾಗುತ್ತೆ.” ಮುಂದೆ! ಬುಸ್ ಅನ್ನುವುದನ್ನು ರೆಕಾರ್ಡ್ ಮಾಡಿ ಏನು ನೋಡುವುದು?

ಏಪ್ರಿಲ್ 22, ಮಂಗಳವಾರ

ಗಾಳಿ.

ಏಪ್ರಿಲ್ 24, ಗುರುವಾರ

ಗಾಳಿ. ಒಮ್ಮೆ ತೇಗಿನಂಥ ಸದ್ದು. ಅವನಿಗೆ ನಾಚಿಕೆಯಾಯಿತು, ಅತ್ತಿಗೆಯ ಕಡೆ ನೋಡಲಿಲ್ಲ.

ಏಪ್ರಿಲ್ 29, ಮಂಗಳವಾರ

ಬೆಳಗ್ಗೆ ನಾವು ಮೂವರೂ ಹೋದೆವು. ನಾನು ಫೋನಿನಲ್ಲಿ ರೆಕಾರ್ಡ್ ಒತ್ತಿ ಮೇಜಿನ ಮೇಲಿಟ್ಟೆ. ಮೇಡಂ ಎದುರಿಗೆ ಕನ್ನಡಿ ಇಟ್ಟು, ಹೆಬ್ಬೆರಳು ಎಲ್ಲಿಡಬೇಕು, ಎಷ್ಟು ಒತ್ತಬೇಕು ಅಂತ ತೋರಿಸಿದರು. ಗಾಳಿ. ಮತ್ತೆ ಗಾಳಿ. ಬೆರಳು ಜಾರಿ ಪಕ್ಕದಿಂದ ಪುಸ್ ಅಂತ ಸೋರಿತು. ಅವನ ಹಣೆಯಲ್ಲಿ ಬೆವರು. ಸುಮ್ಮನೆ ಕೂತಿದ್ದೆ, ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ತಡೆಯಲಾಗಲಿಲ್ಲ.

“ಹೊಟ್ಟೆಯಿಂದ ತಳ್ಳು ಅಣ್ಣ! ಬೆರಳು ಗಟ್ಟಿಯಾಗಿ ಒತ್ತು. ಅಷ್ಟು ಗಟ್ಟಿಯಾಗಿ ಅಲ್ಲ. ಎಡಕ್ಕೆ, ಎಡಕ್ಕೆ! ಈಗ ತಳ್ಳು! ಈಗ!”

ಅವನು ನನ್ನ ಕಡೆ ತಿರುಗಿದ. ಮುಖ ಕೆಂಪಾಗಿತ್ತು. ಹೆಬ್ಬೆರಳನ್ನು ಕುತ್ತಿಗೆಗೆ ಒತ್ತಿ ಹಿಡಿದ.

“ಸುಮ್ನಿರೇ!”

ಅಂದ. ಅಂದನು! ಜಲ್ಲಿಯ ಮೇಲೆ ಡಬ್ಬ ಎಳೆದ ಹಾಗಿತ್ತು. ಯಾರ ದನಿಯೂ ಅಲ್ಲ ಅದು. ಆದರೆ ಆ “ರೇ” ಅವನದೇ.

ಸುಮ್ಮನಾದೆ. ಎಲ್ಲರೂ ಸುಮ್ಮನಾದರು. ಅವನೂ, ಯಾರು ಮಾತಾಡಿದ್ದು ಅನ್ನುವ ಹಾಗೆ ಕನ್ನಡಿ ನೋಡಿಕೊಂಡ. ಆಮೇಲೆ ಅತ್ತಿಗೆ ಅತ್ತರು, ಮೇಡಂ ಚಪ್ಪಾಳೆ ತಟ್ಟಿದರು, ಕುರ್ಚಿಯೊಂದು ಬಿತ್ತು.

ಮಧ್ಯಾಹ್ನ ಸ್ಟುಡಿಯೋದಾಕೆಗೆ ಫೋನ್ ಮಾಡಿ ಕೇಳಿಸಿದೆ. “ಕಳ್ಸಿ ಮೇಡಂ. ಹಿಂದೆ ಮುಂದೆ ಇರೋದೆಲ್ಲ ತೆಗೆದು, ಆ ಒಂದು ಮಾತನ್ನ ಚೊಕ್ಕ ಮಾಡ್ಕೊಡ್ತೀನಿ,” ಅಂದರು.

“ಬೇಡ. ನಂಗೆ ಬರುತ್ತಲ್ಲ ಈಗ,” ಅಂದೆ.

ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಮೊದಲು ನಕಲು ತೆಗೆದಿಟ್ಟೆ. ಗಾಳಿ, ಗಾಳಿ, ಪುಸ್ ಅಂತ ಸೋರಿದ್ದು, ನನ್ನ ಅರಚಾಟದ ದೊಡ್ಡ ದೊಡ್ಡ ಗುಡ್ಡಗಳು, ಅವನ ಮೊಂಡ ದಿಬ್ಬ, ಉದ್ದನೆಯ ಬಯಲು, ಅತ್ತಿಗೆಯ ಬಿಕ್ಕು, ಕುರ್ಚಿ ಬಿದ್ದ ಸದ್ದು. ಮೌಸ್ ಹಿಡಿದು ಎಲ್ಲಿಂದ ಶುರು ಮಾಡಲಿ ಅಂತ ಹುಡುಕಿದೆ. ತೆಗೆಯುವಂಥದ್ದು ಏನೂ ಕಾಣಲಿಲ್ಲ. ಇದ್ದ ಹಾಗೇ ಸೇವ್ ಮಾಡಿದೆ.

ಅಣ್ಣ ಮೇಲೆ ಬಂದ. ಹಾಕಿದೆ. ಹುಳಿ ಕಚ್ಚಿದವನ ಹಾಗೆ ಮುಖ ಮಾಡಿ ಕೊನೆಯವರೆಗೂ ಕೇಳಿದ. ಆಮೇಲೆ ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದ.

ಮೊದಲಿಂದ ಹಾಕಿದೆ.